ಕಿವಿಯ ನೀರು, ಅಕ್ಕನ ಕೈಗುಣ

ಸಾಣಾಪುರದ ಕೆರೆಯಲ್ಲಿ ನಾನು ಬಿದ್ದದ್ದು ಹರಿಗೋಲು ಗರಗರ ತಿರುಗುತ್ತಿದ್ದಾಗ ಅಲ್ಲ. ಹಾಗೆ ಬಿದ್ದಿದ್ದರೆ ಹೇಳಿಕೊಳ್ಳುವುದಕ್ಕಾದರೂ ಒಂದು ಮರ್ಯಾದೆ ಇರುತ್ತಿತ್ತು. ಹರಿಗೋಲು ತಿರುಗಿ, ನಿಂತು, ದಡಕ್ಕೆ ಬಂದು, ನಮ್ಮ ಕಚೇರಿಯವರೆಲ್ಲ ಇಳಿದು ಫೋಟೋ ತೆಗೆಸಿಕೊಳ್ಳುತ್ತಿದ್ದಾಗ, ಕಟ್ಟಕಡೆಗೆ, ಅತಿ ಜಾಗ್ರತೆಯಿಂದ ಕಾಲು ಹೊರಗಿಡಲು ಹೋಗಿ ಬಿದ್ದೆ. ನಾನು ಬದುಕಿನಲ್ಲಿ ಎಲ್ಲೆಲ್ಲಿ ಬಿದ್ದಿದ್ದೇನೋ ಅಲ್ಲೆಲ್ಲ ಜಾಗ್ರತೆಯಿಂದಲೇ ಬಿದ್ದಿದ್ದೇನೆ.

ಯಲಬುರ್ಗಾದ ಒಂದು ಸರಕಾರಿ ಕಚೇರಿಯ ಏಳು ಮಂದಿ ಭಾನುವಾರ ಬಾಡಿಗೆ ಗಾಡಿ ಮಾಡಿಕೊಂಡು ಬಂದಿದ್ದೆವು. ಐವತ್ತೆರಡು ವಯಸ್ಸಿನ ನಾನು ಗಾಡಿಯಿಂದ ಇಳಿದ ಕೂಡಲೇ, ಕೆರೆ ಇನ್ನೂ ನೂರು ಮಾರು ದೂರ ಇರುವಾಗಲೇ, ಲೈಫ್ ಜಾಕೆಟ್ ಹಾಕಿಕೊಂಡು ಪಟ್ಟಿ ಬಿಗಿದುಕೊಂಡಿದ್ದೆ. ನೀರಿನ ಆಳ ಎಷ್ಟು, ಹರಿಗೋಲು ಎಷ್ಟು ವರ್ಷದ್ದು, ತಳಕ್ಕೆ ಡಾಂಬರು ಬಳಿದದ್ದು ಯಾವಾಗ, ಇದುವರೆಗೆ ಮಗುಚಿದೆಯೇ ಎಂದೆಲ್ಲ ಹರಿಗೋಲಿನವನನ್ನು ಕೇಳಿದೆ. ಅವನು ಎಲೆಯಡಿಕೆ ಉಗುಳಿ, “ಸರ್ರ, ನೀವು ಇದರಾಗ ಕುಂದ್ರಾಕ ಬಂದೀರೋ, ಇದನ್ನ ಖರೀದಿ ಮಾಡಾಕ ಬಂದೀರೋ?” ಎಂದ. ಎಲ್ಲರೂ ನಕ್ಕರು. ಆ ನಗೆ ನನಗೆ ಚೆನ್ನಾಗಿ ಕೇಳಿಸಿತ್ತು.

ಎರಡನೇ ಸಲ ನಕ್ಕದ್ದು ಕೇಳಿಸಲಿಲ್ಲ. ಮೊಳಕಾಲುದ್ದದ ನೀರಿನಲ್ಲಿ ಬಲ ಮಗ್ಗುಲಿಗೆ ಮಗುಚಿಕೊಂಡು ಎದ್ದು ನಿಂತಾಗ ಹರಿಗೋಲಿನವನದೂ ಸೇರಿ ಏಳು ಬಾಯಿಗಳು ತೆರೆದಿದ್ದವು, ಸದ್ದು ಮಾತ್ರ ಎಲ್ಲೋ ಗೋಡೆಯ ಆಚೆಯಿಂದ ಬಂದಂತೆ ಬರುತ್ತಿತ್ತು. ಹರಿಗೋಲಿನವನು ಹತ್ತಿರ ಬಂದು ನನ್ನ ರಟ್ಟೆ ಹಿಡಿದು ದಡ ಹತ್ತಿಸುತ್ತ ಕೂಗಿ ಹೇಳಿದ್ದಷ್ಟು ತಿಳಿಯಿತು: “ಜಾಕೆಟ್ ಛಲೋ ಕೆಲಸ ಮಾಡೇತಿ ನೋಡ್ರಿ, ಕಿವಿ ಒಂದ ಬಿಟ್ಟು!”

ನನ್ನ ಎಡಗಿವಿ ಹತ್ತನೇ ವಯಸ್ಸಿನಿಂದ ಕೇಳುವುದಿಲ್ಲ. ನನಗಿರುವುದು ಬಲಗಿವಿ ಒಂದೇ. ಈಗ ಅದರೊಳಗೆ ಸಾಣಾಪುರದ ಕೆರೆ ಬಂದು ಕೂತಿತ್ತು.

ಕಿವಿಗೆ ನೀರು ಹೊಕ್ಕವನಿಗೆ ನಮ್ಮ ಕಡೆ ಸಲಹೆಯ ಬರಗಾಲವಿಲ್ಲ. ಒಬ್ಬರು ಒಂಟಿಗಾಲಲ್ಲಿ ಕುಣಿಯಲು ಹೇಳಿದರು. ಬಂಡೆಗಳ ನಡುವೆ ತಲೆ ವಾಲಿಸಿಕೊಂಡು ನಾನು ಕುಣಿದೆ. ದೂರದ ದೇಶದಿಂದ ಬಂದಿದ್ದ ಇಬ್ಬರು ಪ್ರವಾಸಿಗರು ಇದೇನೋ ಇಲ್ಲಿಯ ಸಂಪ್ರದಾಯವಿರಬೇಕೆಂದು ಫೋಟೋ ಹೊಡೆದುಕೊಂಡರು. ಇನ್ನೊಬ್ಬರು ಬಿಸಿಲಿಗೆ ಕಾದ ಬೆಣಚುಕಲ್ಲು ಆರಿಸಿ ಕಿವಿಗೆ ಒತ್ತಿ, ಕಾದ ಕಲ್ಲು ನೀರು ಎಳೆಯುತ್ತದೆ ಎಂದು ಕೈಸನ್ನೆ ಮಾಡಿದರು. ಕಲ್ಲು ಕಿವಿಯನ್ನು ಸುಟ್ಟಿತು, ನೀರನ್ನು ಎಳೆಯಲಿಲ್ಲ. ಕಡೆಗೆ ನಮ್ಮ ಗುಮಾಸ್ತರೊಬ್ಬರು ಜೇಬಿನಿಂದ ಬೆಂಕಿಕಡ್ಡಿ ತೆಗೆದು, ಅದರ ತುದಿಗೆ ಹತ್ತಿ ಸುತ್ತುತ್ತ ಹತ್ತಿರ ಬಂದರು. “ಬ್ಯಾಡ!” ಎಂದು ನಾನು ಕಿರುಚಿದೆ. ಎಷ್ಟು ಜೋರಾಗಿ ಕಿರುಚಿದೆನೋ ಗೊತ್ತಿಲ್ಲ. ಹರಿಗೋಲಿನವನೂ ತಿರುಗಿ ನೋಡಿದ.

ಆ ಕಿರುಚಾಟಕ್ಕೆ ನಲವತ್ತೆರಡು ವರ್ಷದ ಹಿಂದಿನ ಕಾರಣವಿತ್ತು.

ಕುಕನೂರಿನ ಹತ್ತಿರದ ನಮ್ಮ ಊರಿನಲ್ಲಿ ಹೊಳೆಯಿಲ್ಲ, ಕಾಲುವೆಯಿಲ್ಲ. ಈಸು ಕಲಿಯಬೇಕೆಂದರೆ ಹೊಲದ ಬಾವಿಯೇ ಗತಿ. ಹತ್ತು ವರ್ಷದ ನಾನು ಬೆನ್ನಿಗೆ ಬೆಂಡು ಕಟ್ಟಿಕೊಂಡು ಬಾವಿಗೆ ಧುಮುಕಿದ ಒಂದು ಮಧ್ಯಾಹ್ನ ಎಡಗಿವಿಗೆ ನೀರು ಹೊಕ್ಕಿತು. ಕುಣಿದೆ, ಕಲ್ಲು ಇಟ್ಟೆ, ಹೋಗಲಿಲ್ಲ. ಮನೆಗೆ ಬಂದವನೇ ಗೋಡೆಯ ಮಾಡದಲ್ಲಿದ್ದ ಅಕ್ಕನ ತಲೆಪಿನ್ನು ತೆಗೆದುಕೊಂಡು ಕಿವಿಯೊಳಗೆ ಹಾಕಿದೆ. ಒಳಗೆ ಏನೋ ಟಪ್ ಎಂದಿತು. ನೋವು ದವಡೆಯವರೆಗೆ ಹರಿಯಿತು. ಪಿನ್ನಿನ ತುದಿಯಲ್ಲಿ ಸಾಸಿವೆಯಷ್ಟು ರಕ್ತವಿತ್ತು. ಅದನ್ನು ಚಡ್ಡಿಗೆ ಒರೆಸಿ, ಪಿನ್ನನ್ನು ಇದ್ದಲ್ಲೇ ಇಟ್ಟು, ಮೂಲೆಯಲ್ಲಿ ಕೂತು ಅಳುತ್ತಿದ್ದೆ.

ಅವ್ವ ಹೊಲದಲ್ಲಿದ್ದಳು. ಅಕ್ಕನಿಗೆ ಆಗ ಹದಿನೈದು. “ಯಾಕಳಾಕತ್ತಿ?” ಎಂದು ಕೇಳಿದಳು. “ಕಿವ್ಯಾಗ ನೀರು ಹೋಗೇತಿ” ಎಂದೆ. ಸುಳ್ಳೇನೂ ಅಲ್ಲ, ಅರ್ಧ ಮಾತ್ರ ಹೇಳಿದೆ. ಅಕ್ಕ ಸೌಟಿನಲ್ಲಿ ಎಣ್ಣೆಗೆ ಎರಡು ಎಸಳು ಬಳ್ಳೊಳ್ಳಿ ಹಾಕಿ ಬೆಚ್ಚಗೆ ಮಾಡಿದಳು. ನನ್ನ ಕಿವಿಗೆ ಬಿಡುವ ಮೊದಲು ತನ್ನ ಮುಂಗೈ ಮೇಲೆ ಒಂದು ಹನಿ ಬಿಟ್ಟು ಬಿಸಿ ನೋಡಿಕೊಂಡಳು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಣ್ಣೆ ಸುಡುವಂತಿರಲಿಲ್ಲ ಎಂಬುದಕ್ಕೆ ಈ ಲೋಕದಲ್ಲಿ ಇದ್ದ ಸಾಕ್ಷಿ ನಾನೊಬ್ಬನೇ.

ಎಣ್ಣೆ ಒಳಗಿನ ಗಾಯಕ್ಕೆ ತಾಕಿದಾಗ ನಾನು ಹೊಡಕೊಂಡ ಬೊಬ್ಬೆಗೆ ಓಣಿಯೇ ಕೂಡಿತು. ಆಮೇಲೆ ಕಿವಿ ಸೋರಿತು, ಜ್ವರ ಬಂತು, ಎರಡು ತಿಂಗಳಲ್ಲಿ ಆ ಕಿವಿಯ ಕಥೆ ಮುಗಿಯಿತು. ಔಷಧ ಕೊಡುವವರು “ಏನು ಹಾಕಿದ್ರಿ?” ಎಂದು ಕೇಳಿದರು. ಅವ್ವ ಎಣ್ಣೆ ಎಂದಳು. ಅವರು ನಾಲಿಗೆಯಿಂದ ಚ್ ಚ್ ಎಂದರು. ಅವ್ವ ಅಲ್ಲೇ ಅಕ್ಕನ ಕಡೆ ತಿರುಗಿ ಅಂದ ಮಾತು ಇಂದಿಗೂ ಅಕ್ಷರಕ್ಕೆ ಅಕ್ಷರ ನೆನಪಿದೆ: “ಎಂಥಾ ಕೈಗುಣ ಇದ್ದೀತವ್ವಾ ನಿಂದು! ತಮ್ಮನ ಕಿವಿ ಸುಟ್ಟಿ.”

ನಾನು ಅವ್ವನ ಸೆರಗು ಹಿಡಿದು ನಿಂತಿದ್ದೆ. ಬಾಯಿ ಬಿಡಲಿಲ್ಲ.

ಕೈಗುಣ ಎಂಬುದು ನಮ್ಮ ಕಡೆ ಸಣ್ಣ ಮಾತಲ್ಲ. ಡಾಕ್ಟರಿಗೆ ಕೈಗುಣ ಬೇಕು, ಬೀಜ ಬಿತ್ತುವವನಿಗೆ ಬೇಕು, ಹೆಪ್ಪು ಹಾಕುವವಳಿಗೂ ಬೇಕು. ಅದು ಒಮ್ಮೆ ಇಲ್ಲವೆಂದಾದರೆ ಇಲ್ಲವೇ. ಅದಾದ ಮೇಲೆ ಓಣಿಯಲ್ಲಿ ಯಾರೂ ಅಕ್ಕನ ಕೈಗೆ ಎಳೆಗೂಸು ಕೊಡಲಿಲ್ಲ. ಆಕೆಯೂ ಮುಂದೆ ಬಂದು ಎತ್ತಿಕೊಳ್ಳಲಿಲ್ಲ. ಗಂಗಾವತಿಗೆ ಮದುವೆಯಾಗಿ ಹೋದಳು. ಆಕೆಯ ಹಿಂದೆ ಆ ಮಾತೂ ಬಸ್ಸು ಹತ್ತಿ ಹೋಯಿತು. ತನ್ನ ಮಗಳು ಹುಟ್ಟಿದಾಗ ಕೂಸಿಗೆ ಎರೆಯಲು, ಅಂದರೆ ಎಣ್ಣೆ ತೀಡಿ ಬಿಸಿನೀರು ಹಾಕಲು, ಅವ್ವನನ್ನೇ ಕರೆಸಿಕೊಂಡಳು. ಅವ್ವ ಮೂರು ತಿಂಗಳು ಇದ್ದು ಎರೆದಳು, ದಿನವೂ ಹೆಮ್ಮೆಯಿಂದ, “ಈಕಿ ಕೈಗೆ ಬಿಟ್ಟಿದ್ರ ಆಗ್ತಿತ್ತು ಚಂದ!” ಎನ್ನುತ್ತ.

ಹೇಳಬೇಕೆಂದು ನನಗೆ ಅನಿಸಿರಲಿಲ್ಲವೆಂದಲ್ಲ. ಹದಿನೆಂಟಕ್ಕೆ ಅನಿಸಿತು, ನೌಕರಿ ಸಿಕ್ಕಾಗ ಅನಿಸಿತು, ಎಂಟು ವರ್ಷದ ಹಿಂದೆ ಅವ್ವ ತೀರಿಕೊಂಡ ದಿನವೂ ಅನಿಸಿತು. ಗ್ಯಾಸಿನ ಕೊಳವೆ, ಮನೆಯ ಬೀಗ, ನಿವೃತ್ತಿಯ ಕಾಗದ ಎಂದು ದಿನಕ್ಕೆ ನೂರು ವಿಷಯಕ್ಕೆ ಹೆದರುವ ನಾನು ಈ ಒಂದಕ್ಕೆ ಹೆದರಿದ್ದು ಮಾತ್ರ ನಿಜವಾದ ಹೆದರಿಕೆ.

ಅಂತೂ ಆ ಭಾನುವಾರ ಕಚೇರಿಯವರು ನನ್ನನ್ನು ಗಂಗಾವತಿಯಲ್ಲಿ ಅಕ್ಕನ ಮನೆಯ ಮುಂದೆ ಇಳಿಸಿ ಹೋದರು. ಸೋಮವಾರ ಅಲ್ಲೇ ಕಿವಿಯ ಡಾಕ್ಟರಿಗೆ ತೋರಿಸುವುದೆಂದಾಯಿತು. ಅಕ್ಕನ ಮಗಳು ಬಾಣಂತನಕ್ಕೆ ಬಂದಿದ್ದಳು. ಕೂಸಿಗೆ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ನಾನು ಒಳಗೆ ಕಾಲಿಟ್ಟದ್ದೇ ಅಕ್ಕ ನನ್ನ ಮುಖ ನೋಡಿ, ಎಂದಿನಂತೆ ಕೂಗಿದಳು. ನನ್ನೊಡನೆ ಆಕೆ ಮಾತಾಡುವುದು ಯಾವಾಗಲೂ ಹೊಲದ ಆಚೆ ಬದುವಿನಲ್ಲಿರುವವನನ್ನು ಕರೆದಂತೆ.

“ಏನ್ ಮಾಡ್ಕೊಂಡಿ?”

“ಕಿವ್ಯಾಗ ನೀರು ಹೋಗೇತಿ.”

ಆ ಮಾತು ನನ್ನ ಬಾಯಿಂದ ಬಿದ್ದದ್ದೇ ಅಕ್ಕನ ಕೈ ತಾನಾಗಿ ಸೆರಗಿನೊಳಗೆ ಹೋಯಿತು.

“ಯಾವ ಕಿವ್ಯಾಗ?”

“ಬಲಗಿವ್ಯಾಗ.”

“ನಾ ಏನೂ ಮಾಡಂಗಿಲ್ಲಪಾ. ಮುಂಜಾನಿ ಡಾಕ್ಟರ್ ಕಡೆ ಹೋಗೂಣು. ಅಲ್ಲಿತನಕ ಯಾರ ಕೈಯಾಗೂ ಕಿವಿ ಕೊಡಬ್ಯಾಡ.”

ಅಕ್ಕನ ಮಗಳು, ಅಂದರೆ ನನ್ನ ಸೊಸೆ, ನನ್ನ ಪಾಡು ನೋಡಿ ಮೊಬೈಲಿನಲ್ಲಿ ಬರೆದು ತೋರಿಸತೊಡಗಿದಳು. “ಮಾಮಾ, ಚಹಾ?” “ಮಾಮಾ, ನೀವು ಮಾತಾಡಿದ್ದು ಆಚಿ ಓಣಿತನಕ ಕೇಳಾಕತ್ತೈತಿ.” “ಮಾಮಾ, ಕೂಸು ಎದ್ದೈತಿ, ನಿಮ್ಮಿಂದನ.”

ಮರುದಿನ ಬೆಳಿಗ್ಗೆ ಎರೆಯುವಾಕೆ ಬಂದಳು. ಸಂಬಳ ಕೊಟ್ಟು ಗೊತ್ತು ಮಾಡಿದ ಹೆಂಗಸು. ಬಚ್ಚಲಿನ ಬಾಗಿಲಲ್ಲಿ ಕಾಲು ನೀಡಿ ಕೂತು, ಕಾಲ ಮೇಲೆ ಕೂಸನ್ನು ಹಾಕಿಕೊಂಡು, ನೆತ್ತಿ, ಎದೆ, ತೊಡೆ ಎಂದು ತೀಡಿದಳು. ನನಗೆ ಸದ್ದಿಲ್ಲದೆ ಬರೀ ನೋಟ ಕಾಣುತ್ತಿತ್ತು, ಅದಕ್ಕೇ ಇರಬೇಕು, ಎಷ್ಟೋ ಸಲ ನೋಡಿದ್ದರೂ ಕಾಣದಿದ್ದದ್ದು ಕಂಡಿತು. ಅಕ್ಕ ಒಲೆಯ ಮೇಲೆ ಎಣ್ಣೆ ಬೆಚ್ಚಗೆ ಮಾಡಿ ತಂದಳು. ಆದರೆ ಬಟ್ಟಲನ್ನು ಎರೆಯುವಾಕೆಯ ಕೈಗೆ ಕೊಡಲಿಲ್ಲ; ಒಂದು ಮಾರು ದೂರದಲ್ಲಿ ನೆಲದ ಮೇಲಿಟ್ಟು ಹಿಂದೆ ಸರಿದಳು. ಕೂಸು ಅತ್ತಿತು, ಬಾಯಿ ಅಷ್ಟಗಲ ಮಾಡಿ. ಅಕ್ಕ ಕಂಬಕ್ಕೆ ಒರಗಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೋಡುತ್ತ ನಿಂತಿದ್ದಳು. ತನ್ನದೇ ಮೊಮ್ಮಗುವನ್ನು, ಅಂಗಡಿಯಲ್ಲಿ ಮುಟ್ಟಬಾರದೆಂದು ಬರೆದಿಟ್ಟ ಸಾಮಾನನ್ನು ನೋಡಿದಂತೆ.

ಡಾಕ್ಟರು ಚಿಕ್ಕ ವಯಸ್ಸಿನವರು. ಬಲಗಿವಿಯೊಳಗೆ ದೀಪ ಬಿಟ್ಟು ನೋಡಿ, ನನಗೆ ಕೇಳುವಷ್ಟು ಜೋರಾಗಿ ಹೇಳಿದರು: ಒಳಗೆ ಹಳೆಯ ಗುಗ್ಗೆ ಇತ್ತು, ನೀರು ಕುಡಿದು ಉಬ್ಬಿ ಬಿರಡೆಯಂತೆ ಕೂತಿದೆ, ಐದು ದಿನ ಹನಿ ಹಾಕಿ ಮೆತ್ತಗೆ ಮಾಡಿ, ಶನಿವಾರ ತೊಳೆದು ತೆಗೆಯೋಣ, ಕಡ್ಡಿ ಹಾಕಬೇಡಿ, ಎಣ್ಣೆ ಬಿಡಬೇಡಿ. ನಾನು ನಿಟ್ಟುಸಿರು ಬಿಟ್ಟೆ. ಆಮೇಲೆ ಅವರು ಎಡಗಿವಿಯನ್ನು ನೋಡಿದರು. ಬಹಳ ಹೊತ್ತು ನೋಡಿದರು. ಏನೋ ಕೇಳಿದರು. ನನಗೆ ತಿಳಿಯಲಿಲ್ಲ.

ನನ್ನ ಬದಲು ಅಕ್ಕ ಉತ್ತರ ಕೊಟ್ಟಳು. ಮಾತು ಕೇಳಿಸಲಿಲ್ಲ, ಕೈ ಕಂಡಿತು. ಬಲಗೈಯನ್ನು ಸೌಟಿನಂತೆ ಹಿಡಿದು, ಗಾಳಿಯಲ್ಲಿ ಓರೆ ಮಾಡಿ ಸುರಿದು ತೋರಿಸಿದಳು. ಆಮೇಲೆ ಅದೇ ಕೈಯಿಂದ ಹಣೆ ಹಣೆ ಬಡಿದುಕೊಂಡಳು. ನಲವತ್ತೆರಡು ವರ್ಷದ ಮೇಲೆ, ಗುರುತು ಪರಿಚಯವಿಲ್ಲದ ಹುಡುಗ ಡಾಕ್ಟರೊಬ್ಬರ ಮುಂದೆ, ಮಾಡದ ತಪ್ಪನ್ನು ಒಪ್ಪಿಕೊಳ್ಳುತ್ತಿದ್ದಳು. ಡಾಕ್ಟರು ತಲೆ ಅಡ್ಡಡ್ಡ ಆಡಿಸಿ ಇನ್ನೇನೋ ಹೇಳಿದರು. ಆಕೆ ಅದನ್ನು ಕೇಳುವ ಸ್ಥಿತಿಯಲ್ಲಿರಲಿಲ್ಲ.

ದವಾಖಾನೆಯ ಹೊರಗೆ ಒಂದು ಕಟ್ಟೆ ಇದೆ, ಸರದಿ ಕಾಯುವವರು ಕೂರುವಂಥದ್ದು. ಅಕ್ಕ ಅಲ್ಲಿ ಕೂತು ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದಳು. ನಾನು ಎದುರಿಗೆ ನಿಂತು ಹೇಳಿಬಿಟ್ಟೆ.

“ಅಕ್ಕಾ, ಆ ಎಣ್ಣಿ ಸುಡತಿದ್ದಿಲ್ಲ. ನೀ ಹಾಕೂಕಿಂತ ಮೊದಲ ನಾ ನಿನ್ನ ತಲಿಪಿನ್ನಲೆ ಚುಚ್ಚಿಕೊಂಡಿದ್ದೆ. ರಕ್ತ ಬಂದಿತ್ತು. ಯಾರಿಗೂ ಹೇಳಲಿಲ್ಲ. ನಿನ್ನ ತಪ್ಪಲ್ಲ ಅದು.”

ನನ್ನ ದನಿ ನನ್ನ ತಲೆಯೊಳಗೇ ಗುಂಯ್‌ಗುಡುತ್ತಿತ್ತು. ಎಷ್ಟು ಎತ್ತರದಲ್ಲಿ ಹೇಳಿದೆನೋ, ಕಟ್ಟೆಯ ಮೇಲಿದ್ದ ನಾಲ್ಕು ಮಂದಿ ಕಿವಿನೋವು ಮರೆತು ನನ್ನ ಕಡೆ ತಿರುಗಿದರು. ಜೀವಮಾನವೆಲ್ಲ ಮುಚ್ಚಿಟ್ಟದ್ದನ್ನು ನಾನು ಸಂತೆಯಲ್ಲಿ ಕೂಗಿದಂತೆ ಹೇಳಿದ್ದೆ.

ಅಕ್ಕ ನನ್ನನ್ನೇ ನೋಡಿದಳು. ಸಿಟ್ಟು ಬಂದಂತೆ ಕಾಣಲಿಲ್ಲ. ಆಮೇಲೆ ಮಾತಾಡಿದಳು. ಯಾವಾಗಲೂ ನನ್ನೊಡನೆ ಕೂಗುವ ಆಕೆ ಅಂದು ತನ್ನಷ್ಟಕ್ಕೆ ಹೇಳಿಕೊಂಡಂತೆ ಮೆಲ್ಲಗೆ ಮಾತಾಡಿದಳು. ಮೂರು ನಾಲ್ಕು ಮಾತು ಇರಬಹುದು. ಭತ್ತದ ಚೀಲ ಹೇರಿದ ಲಾರಿಯೊಂದು ಹಿಂದಿನಿಂದ ಹಾದುಹೋಯಿತು. ಅದರ ನಡುಕ ಕಾಲಿಗೆ ತಿಳಿಯಿತೇ ಹೊರತು ಅಕ್ಕನ ಮಾತು ಕಿವಿಗೆ ತಿಳಿಯಲಿಲ್ಲ. ಕಡೆಗೆ ಆಕೆ ಹುಬ್ಬು ಮೇಲೆತ್ತಿ, ನನ್ನ ಮುಖ ನೋಡುತ್ತ, ಕಾದಳು.

ನಾನು ತಲೆಯಾಡಿಸಿದೆ. ಹೌದು ಎನ್ನುವಂತೆ.

ಅರ್ಧ ಕಿವುಡರ ಬದುಕು ನಡೆಯುವುದೇ ತಲೆಯಾಡಿಸುವುದರಿಂದ. ಎಡಕ್ಕೆ ಕೂತವರು ಏನಾದರೂ ಅಂದರೆ, “ಏನಂದ್ರಿ?” ಎಂದು ಮೂರು ಸಲ ಕೇಳಿ ಅವರು ಮುಖ ಕಿವುಚುವುದನ್ನು ನೋಡುವುದಕ್ಕಿಂತ, ಒಮ್ಮೆ ತಲೆಯಾಡಿಸಿಬಿಡುವುದು ಸುಲಭ. ಹೀಗೆ ತಲೆಯಾಡಿಸಿ ನಾನು ಬೇಡದ ಮೀಟಿಂಗಿಗೆ ಹೋಗಿದ್ದೇನೆ, ಎರಡು ಸಲ ಊಟ ಮಾಡಿದ್ದೇನೆ, ಗುರುತಿಲ್ಲದವರ ಸಾವಿಗೆ ಭಾಳ ಛಲೋ ಆತು ಎಂಬಂತೆ ನಕ್ಕಿದ್ದೇನೆ. ಅಕ್ಕ ಕೇಳಿದ್ದು ಎಂಥದೇ ಇರಲಿ, ಅದಕ್ಕೆ ಹೌದು ಎನ್ನುವುದೇ ಸರಿ ಎಂದು ಆ ಗಳಿಗೆಯಲ್ಲಿ ತೋರಿತು. “ಅಲ್ಲೋ, ಇಷ್ಟ್ ವರ್ಷ ಹೇಳಬಾರದಿತ್ತೇನು?” ಎಂದಿರಬೇಕು ಎಂದುಕೊಂಡೆ.

ಆಕೆ ಎದ್ದು ಮುಂದೆ ನಡೆದಳು. ಆಟೋದಲ್ಲಿ ಮುಖ ಆಚೆ ತಿರುಗಿಸಿ ಕೂತಳು. ನನ್ನ ಚೀಲ ತಂದುಕೊಟ್ಟು, ಯಲಬುರ್ಗಾದ ಬಸ್ಸಿಗೆ ಹೊತ್ತಾಯಿತೆಂದು ಗೋಡೆಯ ಗಡಿಯಾರ ತೋರಿಸಿದಳು.

ಆ ಐದು ದಿನ ನಾನು ಹನಿ ಹಾಕಿಸಿಕೊಂಡು ಮಗ್ಗುಲಾಗಿ ಮಲಗಿ ಯೋಚಿಸಿದಷ್ಟು ಮತ್ತೆಂದೂ ಯೋಚಿಸಿಲ್ಲ. ಮೊದಲು ಒಳ್ಳೆಯದನ್ನು ಯೋಚಿಸಿದೆ: ಹೋಗಲಿ ಬಿಡು, ಹುಡುಗ ಇದ್ದಿ, ಎಂದಿರಬಹುದು. ಎರಡನೇ ದಿನ, ನಿನ್ನ ಮುಖ ತೋರಿಸಬ್ಯಾಡ, ಎಂದಿರಬಹುದು ಎನಿಸಿತು. ಮೂರನೇ ದಿನ ಹೊಳೆದದ್ದು ಇನ್ನೂ ಕೆಟ್ಟದ್ದು. ಕಿವಿ ನೆಟ್ಟಗಿದ್ದ ನಲವತ್ತೆರಡು ವರ್ಷ ಬಿಟ್ಟು, ಉತ್ತರ ಕೇಳಿಸದ ದಿನವನ್ನೇ ಹುಡುಕಿ ನಾನು ಹೇಳಿದ್ದೆ. ಅದೇನೂ ಧೈರ್ಯವಲ್ಲ. ಬೈಗುಳ ಬೀಳುವಾಗ ಕಿವಿಯಲ್ಲಿ ಹತ್ತಿ ಇಟ್ಟುಕೊಳ್ಳುವ ಜಾಣತನ.

ಶನಿವಾರ ಬೆಳಗಿನ ಬಸ್ಸಿಗೇ ಗಂಗಾವತಿಗೆ ಬಂದೆ. ಡಾಕ್ಟರು ಪಿಚಕಾರಿಯಲ್ಲಿ ಉಗುರುಬೆಚ್ಚಗಿನ ನೀರು ಬಿಟ್ಟು ತೊಳೆದರು. ಟ್ರೇಯಲ್ಲಿ ಕಂದು ಬಣ್ಣದ ಕಡಲೆಬೇಳೆಯಂಥದೊಂದು ಬಿತ್ತು. ಥಟ್ಟನೆ ಫ್ಯಾನಿನ ಸದ್ದು, ಹೊರಗೆ ಒಬ್ಬಳು ಮಗನನ್ನು ಗದರುವ ಸದ್ದು, ನನ್ನದೇ ಅಂಗಿಯ ಸರಬರ ಎಲ್ಲ ಒಟ್ಟಿಗೆ ನುಗ್ಗಿದವು. ಹತ್ತೂವರೆಯ ಹೊತ್ತಿಗೆ ಅಕ್ಕನ ಮನೆಯಲ್ಲಿದ್ದೆ.

ಅಕ್ಕ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು.

“ತೆಗದ್ರೇನು?”

“ತೆಗದ್ರು. ಈಗ ಛಲೋ ಕೇಳತೈತಿ.” ನಾನು ಆಕೆಯ ಎದುರಿಗೆ ನೆಲದ ಮೇಲೆ ಕೂತೆ. “ಅಕ್ಕಾ, ಅವತ್ತ ದವಾಖಾನಿ ಮುಂದ ನೀ ಏನಂದಿ?”

ಆಕೆಯ ಬೆರಳು ಅಕ್ಕಿಯಲ್ಲಿ ನಿಂತಿತು. “ಯಾಕ, ಕೇಳಿಸಿದ್ದಿಲ್ಲೇನು?”

“ಇಲ್ಲ.”

“ಮತ್ತ ತಲಿ ಯಾಕ ಅಲ್ಲಾಡಿಸಿದಿ?”

ಅಕ್ಕ ಅಕ್ಕಿಯ ಮೊರವನ್ನು ಪಕ್ಕಕ್ಕೆ ಸರಿಸಿದಳು.

“ನೀ ಸಣ್ಣಾಂವ ಇದ್ದಿ, ಅಂಜಿ ಹೇಳಲಿಲ್ಲ, ಹೋಗ್ಲಿ, ಅಂದೆ. ನಿನ್ನ ಮ್ಯಾಲ ನನಗೇನ್ ಸಿಟ್ಟಿಲ್ಲ ಅಂದೆ. ಆದ್ರ ಅವ್ವಗ ಗೊತ್ತಿತ್ತೇನು ಅಂತ ಕೇಳಿದ್ನಿ. ನೀ ಹೌದಂದಿ.”

ಒಳಗೆ ಕೂಸು ಕುಂಯ್ ಎಂದಿತು. ಎಷ್ಟು ಸ್ಪಷ್ಟವಾಗಿ ಕೇಳಿಸಿತೆಂದರೆ ನಾನು ಬೆಚ್ಚಿದೆ.

“ಇಲ್ಲ ಅಕ್ಕಾ! ಅವ್ವಗ ಗೊತ್ತಿದ್ದಿಲ್ಲ. ನಿನ್ನಾಣಿ. ನಾ ಯಾರಿಗೂ ಹೇಳಿದ್ದಿಲ್ಲ. ಕೇಳಿಸದಿದ್ರೂ ಸುಮ್ಮನ ತಲಿ ಅಲ್ಲಾಡಿಸಿದೆ ಅಷ್ಟ.”

“ಐದ್ ದಿನ ಆತು,” ಎಂದಳು ಅಕ್ಕ. “ಐದ್ ದಿನ ಆಕಿ ಫೋಟೋಕ್ಕ ಹೂವು ಏರಿಸಿಲ್ಲ ನಾ. ಆಕಿಗೆ ಗೊತ್ತಿದ್ದೂ ನಾಕ್ ಮಂದಿ ಮುಂದ ನನ್ನ ಕೈ ಹಳೀತಿದ್ಲಲ್ಲ ಅಂತ.”

“ಇಲ್ಲ, ಗೊತ್ತಿದ್ದಿಲ್ಲ.”

“ಹೂಂ.”

ಆ ಹೂಂ ನಂಬಿದವರದ್ದಲ್ಲ. ನನ್ನನ್ನು ಸಮಾಧಾನ ಮಾಡಲು ಅಂದ ಹೂಂ. ಅಲ್ಲಿಗೆ ನನಗೆ ಅರ್ಥವಾಯಿತು: ನಲವತ್ತೆರಡು ವರ್ಷ ಬಾಯಿ ಮುಚ್ಚಿದ್ದವನು ಒಮ್ಮೆ ಹೌದು ಎಂದು ಒಮ್ಮೆ ಇಲ್ಲ ಎಂದರೆ, ಅವನ ಯಾವ ಮಾತಿಗೆ ಬೆಲೆ? ನಾನು ಮನಸ್ಸು ನೋಯದಿರಲೆಂದು ಈಗ ಸುಳ್ಳು ಹೇಳುತ್ತಿದ್ದೇನೆ ಎಂದೇ ಆಕೆ ತಿಳಿದಿದ್ದಳು. ಸುಳ್ಳು ಹೇಳಬಲ್ಲವನೆಂದು ನಾನೇ ಸೋಮವಾರ ಸಾಬೀತು ಮಾಡಿದ್ದೆನಲ್ಲ. ಕೇಳುವುದಕ್ಕೆ ಅವ್ವನೂ ಇರಲಿಲ್ಲ.

ಸೊಸೆ ಕೂಸನ್ನು ಎತ್ತಿಕೊಂಡು ಬಂದಳು. ಅಕ್ಕ ಆಕೆಗೆ ಎಲ್ಲ ಹೇಳಿದ್ದಿರಬೇಕು, ಹುಡುಗಿ ನಗುನಗುತ್ತ, “ಇನ್ನೇನ್ ಮತ್ತ, ಅವ್ವಾ? ಇವತ್ತ ಎರಿಯಾಕಿ ಬಂದಿಲ್ಲ, ನೀನ ಎರಿ ನಿನ್ನ ಮೊಮ್ಮಗಗ” ಎಂದು ಕೂಸನ್ನು ಮುಂದೆ ಚಾಚಿದಳು.

ಅಕ್ಕ ಎರಡೂ ಕೈ ಅರ್ಧ ಎತ್ತಿದಳು. ಎಲ್ಲಿ ಹಿಡಿಯಬೇಕೆಂದು ತಿಳಿಯದವರ ಹಾಗೆ ಅವು ಅಲ್ಲೇ ನಿಂತವು.

“ನನಗ ಬರಂಗಿಲ್ಲಬೇ ಅದು,” ಎಂದಳು. “ಯಾರ ಕಲಿಸ್ಯಾರ ನನಗ? ತಲಿ ಹೆಂಗ ಹಿಡೀಬೇಕೋ ಏನೋ. ಆಕಿಗೆ ಫೋನ್ ಹಚ್ಚು.”

ಸೊಸೆ ಫೋನು ಹಚ್ಚಿದಳು. ಎರೆಯುವಾಕೆ ಹನ್ನೊಂದೂವರೆಗೆ ಬಂದಳು. ಬಿಸಿನೀರು, ಕೂಸಿನ ಅಳು, ತೊಡೆಯ ಮೇಲೆ ಎಣ್ಣೆಗೈ ಬೀಳುವ ಪಟಪಟ, ಎಲ್ಲ ನನಗೆ ಕೇಳುತ್ತಿತ್ತು. ಅಕ್ಕ ಅಡುಗೆಮನೆಯಲ್ಲೇ ಉಳಿದಳು.

ಇದಾಗಿ ನಾಲ್ಕು ತಿಂಗಳಾಯಿತು. ಸೊಸೆ ಗಂಡನ ಮನೆಗೆ ಹೋಗಿದ್ದಾಳೆ. ವಾರಕ್ಕೊಮ್ಮೆ ಅಕ್ಕ ಫೋನು ಮಾಡುತ್ತಾಳೆ. ಈಗ ಕೂಗುವುದಿಲ್ಲ, ಎಲ್ಲರೊಡನೆ ಮಾತಾಡುವಂತೆ ಮಾತಾಡುತ್ತಾಳೆ. ಕಿವಿ ಹೇಗಿದೆ ಎಂದು ವಿಚಾರಿಸಿ, ಎರಡು ಮಾತು ಅದು ಇದು ಆಡಿ, ಇಡುವ ಮೊದಲು ಅದೇ ಪ್ರಶ್ನೆ ಕೇಳುತ್ತಾಳೆ.

“ಅಲ್ಲೋ ತಮ್ಮಾ, ಖರೇ ಹೇಳು. ಅವ್ವಗ ಗೊತ್ತಿದ್ದಿಲ್ಲ ಅಲ್ಲೇನು?”

“ಇಲ್ಲಕ್ಕಾ. ಖರೇನ ಗೊತ್ತಿದ್ದಿಲ್ಲ.”

“ಹೂಂ,” ಎನ್ನುತ್ತಾಳೆ ಅಕ್ಕ. ಆಮೇಲೆ, ಯಲಬುರ್ಗಾದಾಗ ಮಳಿ ಆತೇನು ಎಂದು ಕೇಳುತ್ತಾಳೆ.